ಇನ್ನೊಂದೇ ಒಂದು ಆಟ



ಕಳೆದ ಜುಲೈ ತಿಂಗಳ ಒಂದು ರಾತ್ರಿ. ಮೆಲ್ಬರ್ನಿನ ಚಳಿ ನಿಮಗೆಲ್ಲ ಗೊತ್ತಿರುವುದೇ. ನೀರು ಕುಡಿಯಲೆಂದು ಎದ್ದಾಗ ಗಂಟೆ ಒಂದೂವರೆ. ತೀರ್ಥಹಳ್ಳಿಯಿಂದ ಬಂದಿರುವ ಅಮ್ಮನ ಕೋಣೆಯ ಬಾಗಿಲ ಕೆಳಗೆ ಬೆಳಕಿನ ಗೆರೆ ಕಾಣಿಸಿತು. ವಯಸ್ಸಾದವರು, ಹೊಸ ಜಾಗ, ಮೈ ಸರಿಯಿಲ್ಲವೋ ಏನೋ ಎಂದು ಗಾಬರಿಯಿಂದ ಬಾಗಿಲು ತೆರೆದೆವು. ಅಮ್ಮ ಎರಡು ಕಂಬಳಿ ಹೊದ್ದು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಮೊಬೈಲಿನಲ್ಲಿ ಬಣ್ಣಬಣ್ಣದ ಮಿಠಾಯಿಗಳನ್ನು ಸಾಲಿಗೆ ಸೇರಿಸುತ್ತಿದ್ದರು. ನಮ್ಮನ್ನು ಕಂಡು ಸ್ವಲ್ಪ ನಾಚಿ, "ಏನೂ ಇಲ್ಲ ಕಣ್ರಪ್ಪ, ಇನ್ನೊಂದೇ ಒಂದು ಆಟ. ಮುಗಿಸಿ ಮಲಗ್ತೀನಿ" ಎಂದರು.

ಅದೇ ಸಂಜೆ ಎಂಟು ಗಂಟೆಗೆ, ಅದೇ ಮನೆಯಲ್ಲಿ, ಅದೇ ಮಾತನ್ನು ನಮ್ಮ ಹನ್ನೊಂದು ವರ್ಷದ ಮಗ ಹೇಳಿದ್ದ. ಅವನ ಕೈಯಿಂದ ಫೋನು ಕಿತ್ತುಕೊಂಡು ಬೈದು ಮಲಗಿಸಿದ್ದೆವು. ಈಗ ಅಮ್ಮನಿಗೆ ಏನೆನ್ನುವುದು? ಏನೂ ಅನ್ನದೆ ಬಾಗಿಲೆಳೆದುಕೊಂಡು ಬಂದೆವು. ಆದರೆ ನಿದ್ದೆ ಬರಲಿಲ್ಲ. ಮುಗಿದ ಆಟವನ್ನು ಮತ್ತೆ ಮತ್ತೆ ಶುರುಮಾಡುವಂತೆ ಮಾಡುವುದು ಏನು? ಹಾಗೆ ಮತ್ತೆ ಮತ್ತೆ ಮರಳುವುದೇ ತಪ್ಪೋ, ಅಥವಾ ತಪ್ಪು ಬೇರೆಲ್ಲೋ ಇದೆಯೋ? ಈ ಪ್ರಶ್ನೆಯನ್ನು ನಾವಿಬ್ಬರೂ ಆ ದಿನದಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇವೆ. ನಮಗೆ ಹೊಳೆದಷ್ಟನ್ನು ಸದಸ್ಯ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಆಟದ ಕಡೆಗೆ ನೋಡೋಣ. ನಮ್ಮಲ್ಲಿ ಅನೇಕರು ಈ ದೇಶಕ್ಕೆ ಬಂದ ಹೊಸದರಲ್ಲಿ ಕೈಯಲ್ಲಿದ್ದದ್ದು ನೋಕಿಯಾ ಫೋನು. 1997ರಲ್ಲಿ ನೋಕಿಯಾ 6110 ಎಂಬ ಫೋನಿನೊಳಗೆ ಹಾವಿನ ಆಟ ಬಂದಿತು. ಹಾವು ತಿಂದಷ್ಟೂ ಬೆಳೆಯುತ್ತದೆ, ಬೆಳೆದಷ್ಟೂ ತನ್ನ ಬಾಲಕ್ಕೆ ತಾನೇ ತಗುಲಿ ಸಾಯುತ್ತದೆ. ಅದಕ್ಕೂ ಮುಂಚೆ, 1984ರಲ್ಲಿ, ಮಾಸ್ಕೋದಲ್ಲಿ ಅಲೆಕ್ಸೀ ಪಜಿತ್ನೊವ್ ಎಂಬಾತ ಟೆಟ್ರಿಸ್ ರಚಿಸಿದ. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುತ್ತಾ ಹೋಗುವ ಆಟ ಅದು. ನಾವು ಎಷ್ಟೇ ಚೆನ್ನಾಗಿ ಜೋಡಿಸಿದರೂ ಇಟ್ಟಿಗೆಗಳು ಬೀಳುವುದು ನಿಲ್ಲುವುದಿಲ್ಲ.

ನಮ್ಮ ಮೆಲ್ಬರ್ನಿನದೇ ಉದಾಹರಣೆ ಬೇಕೆಂದರೆ ಅದೂ ಇದೆ. 2014ರ ನವೆಂಬರಿನಲ್ಲಿ ಇಲ್ಲಿನ ಹಿಪ್‌ಸ್ಟರ್ ವೇಲ್ ಎಂಬ ಪುಟ್ಟ ಸಂಸ್ಥೆಯ ಮ್ಯಾಟ್ ಹಾಲ್ ಮತ್ತು ಆಂಡಿ ಸಮ್ ಎಂಬಿಬ್ಬರು 'ಕ್ರಾಸಿ ರೋಡ್' ಎಂಬ ಆಟವನ್ನು ಹೊರತಂದರು. ಕೋಳಿಯೊಂದು ರಸ್ತೆ ದಾಟಬೇಕು, ಅಷ್ಟೆ. ಕೋಳಿ ಯಾಕೆ ರಸ್ತೆ ದಾಟಿತು ಎಂದು ಇಂಗ್ಲಿಷಿನವರು ಕೇಳುವ ಹಳೆಯ ನಗೆಚಾಟಿಕೆ ಇದೆಯಲ್ಲ, ಅದೇ. ಒಂದು ರಸ್ತೆ ದಾಟಿದರೆ ಇನ್ನೊಂದು, ಆಮೇಲೆ ರೈಲು ಹಳಿ, ಆಮೇಲೆ ನದಿಯಲ್ಲಿ ತೇಲುವ ಮರದ ದಿಮ್ಮಿ, ಮತ್ತೆ ರಸ್ತೆ. ದಾರಿ ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತದೆ, ಮುಗಿಯುವುದೇ ಇಲ್ಲ. ಯೋಚಿಸುತ್ತಾ ನಿಂತರೆ ಹದ್ದು ಬಂದು ಎತ್ತಿಕೊಂಡು ಹೋಗುತ್ತದೆ. ಈ ಆಟವನ್ನು ಮೊದಲ ಮೂರು ತಿಂಗಳಲ್ಲೇ ಸುಮಾರು ಐದು ಕೋಟಿ ಸಲ ಜನ ತಮ್ಮ ಫೋನುಗಳಿಗೆ ಇಳಿಸಿಕೊಂಡರು. ಹಾಪರ್ಸ್ ಕ್ರಾಸಿಂಗ್‌ನಿಂದ ಫ್ಲಿಂಡರ್ಸ್ ಸ್ಟ್ರೀಟಿಗೆ ಹೋಗುವ ಟ್ರೇನಿನಲ್ಲಿ ನಮ್ಮಿಬ್ಬರಲ್ಲೊಬ್ಬರು ಈ ಕೋಳಿಯನ್ನು ಎಷ್ಟು ಸಲ ಕೊಂದಿದ್ದಾರೆಂಬುದಕ್ಕೆ ಲೆಕ್ಕವಿಲ್ಲ. ಯಾರೆಂದು ಇಲ್ಲಿ ಹೇಳುವುದಿಲ್ಲ.

ಇಂಥ ಆಟಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಂದೇ ಬಗೆಯ ಎಳೆಗಳು ಕಾಣುತ್ತವೆ. ನಿಯಮ ಒಂದು ನಿಮಿಷದಲ್ಲಿ ತಿಳಿಯಬೇಕು. ಸೋತಾಗ 'ಇದು ನನ್ನದೇ ತಪ್ಪು, ಇನ್ನೊಂದು ಸಲವಾದರೆ ಸರಿಮಾಡಬಲ್ಲೆ' ಎನ್ನಿಸಬೇಕು. ಸೋಲಿಗೂ ಹೊಸ ಆರಂಭಕ್ಕೂ ನಡುವೆ ಉಸಿರು ಬಿಡುವಷ್ಟೂ ಸಮಯವಿರಬಾರದು. ದಾರಿ ಪ್ರತಿ ಸಲ ಬೇರೆಯಾಗಿರಬೇಕು, ಆದರೆ ಆಟ ಅದೇ ಆಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಿರಬೇಕು. ದೂರದಲ್ಲಿ ಸೋತವನು ಎದ್ದು ಹೋಗುತ್ತಾನೆ. ಹೊಸ್ತಿಲಲ್ಲಿ ಎಡವಿದವನು ಮತ್ತೆ ಬರುತ್ತಾನೆ.

ಇಷ್ಟಕ್ಕೇ ಆಟವನ್ನು ಬೈಯುವುದಾದರೆ ನಮ್ಮ ಹಿರಿಯರನ್ನೂ ಬೈಯಬೇಕಾಗುತ್ತದೆ. ಅಳಗುಳಿ ಮನೆಯನ್ನು ನೆನೆಸಿಕೊಳ್ಳಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಂದು ಹಿಡಿ ಬೀಜ. ದಕ್ಷಿಣ ಕನ್ನಡದವರು ಇದನ್ನೇ ಚೆನ್ನೆಮಣೆ ಎನ್ನುತ್ತಾರೆ. ಆಷಾಢದ ಮಳೆ ಹೊಯ್ಯುವಾಗ ಜಗಲಿಯ ಮೇಲೆ ಕುಳಿತು ಗಂಟೆಗಟ್ಟಲೆ ಆಡಿದವರು ನಮ್ಮಲ್ಲಿ ಎಷ್ಟು ಜನರಿಲ್ಲ? ಚೌಕಾಬಾರವಂತೂ ಸರಿಯೇ ಸರಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ಹೆಸರಿನ 'ಶ್ರೀತತ್ತ್ವನಿಧಿ' ಗ್ರಂಥದಲ್ಲಿ ಕೌತುಕನಿಧಿ ಎಂಬ ಒಂದು ಭಾಗವನ್ನೇ ಇಂಥ ಮಣೆಯಾಟಗಳಿಗೆ ಮೀಸಲಿಟ್ಟರು. ಅರಸರಿಗೇ ಬೇಸರ ಬಾರದ ಆಟ ಮೊಮ್ಮಕ್ಕಳಿಗೆ ಬಂದೀತೆ?

ಆಟದ ಮಾತೇಕೆ, ಸಂಗೀತ ಕಲಿಯುವ ಮಗು ಸರಳೆ ವರಸೆಯನ್ನು ನೂರು ಸಲ ಹಾಡುತ್ತದೆ. ಯಕ್ಷಗಾನ ಪ್ರಿಯರು ಕಥೆ ಬಾಯಿಪಾಠವಿರುವ ಪ್ರಸಂಗವನ್ನೇ ಇಡೀ ರಾತ್ರಿ ಕುಳಿತು ನೋಡುತ್ತಾರೆ. ಅಜ್ಜಿ ದಿನವೂ ಅದೇ ಜಪಮಣಿ ಎಣಿಸುತ್ತಾರೆ, ಅಂಗಳದಲ್ಲಿ ದಿನವೂ ಅಳಿಸಿಹೋಗುವ ರಂಗೋಲಿಯನ್ನೇ ಹಾಕುತ್ತಾರೆ. ಮರಳಿ ಮರಳಿ ಮಾಡುವುದೇ ದೋಷವೆಂದರೆ ನಮ್ಮ ಬದುಕಿನ ಒಳ್ಳೆಯ ಪಾಲೂ ದೋಷವೇ ಆದೀತು.

ಕನ್ನಡ ಭಾಷೆ ಇಲ್ಲಿ ನಮಗೆ ಸಹಾಯಕ್ಕೆ ಬರುತ್ತದೆ. ಮರಳಿ ಮಾಡುವುದಕ್ಕೆ ನಮ್ಮಲ್ಲಿ ಒಂದಲ್ಲ, ನಾಲ್ಕು ಮಾತುಗಳಿವೆ: ಅಭ್ಯಾಸ, ಹವ್ಯಾಸ, ಗೀಳು, ಚಟ. ಅಭ್ಯಾಸ ನಮ್ಮನ್ನು ಬೆಳೆಸುತ್ತದೆ. ಹವ್ಯಾಸ ನಮ್ಮನ್ನು ತಣಿಸುತ್ತದೆ. ಗೀಳು ನಮ್ಮನ್ನು ಹಿಡಿದುಕೊಳ್ಳುತ್ತದೆ. ಚಟ ನಮ್ಮನ್ನು ತಿನ್ನುತ್ತದೆ. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ: ಕುಳಿತವನು ಕುಳಿತೇ ಇದ್ದಾನೆ. ಒಂದರಿಂದ ಇನ್ನೊಂದಕ್ಕೆ ಜಾರುವ ಜಾಗದಲ್ಲಿ ಬೇಲಿಯೂ ಇಲ್ಲ, ಬೋರ್ಡೂ ಇಲ್ಲ. ನಮ್ಮ ಪ್ರಶ್ನೆ ಇರುವುದು ಆ ಜಾಗದಲ್ಲಿ.

ಈ ಮಾತನ್ನು ಸಿಡ್ನಿಯಲ್ಲಿರುವ ಅಕ್ಕನ ಮನೆಯವರೊಂದಿಗೆ ಫೋನಿನಲ್ಲಿ ಚರ್ಚಿಸಿದೆವು. ಅಕ್ಕ ಒಂದು ಸಂಗತಿ ನೆನಪಿಸಿದಳು. ಕೆಲವು ವರ್ಷಗಳ ಹಿಂದೆ ಊರಿಗೆ ಮರಳುತ್ತಿದ್ದ ಸ್ನೇಹಿತರಿಗೆ ವೆಂಟ್ವರ್ತ್‌ವಿಲ್ ಕಡೆಯ ಒಂದು ಕ್ಲಬ್ಬಿನಲ್ಲಿ ಬೀಳ್ಕೊಡುಗೆಯ ಊಟವಿತ್ತು. ಊಟದ ಹಾಲಿನ ಪಕ್ಕದಲ್ಲೇ ಪೋಕೀಸ್ ಯಂತ್ರಗಳ ಕತ್ತಲೆ ಕೋಣೆ. ನಾವು ಪಾಯಸ ಮುಗಿಸಿ ಹೊರಡುವಾಗಲೂ, ನಾವು ಬಂದಾಗ ನೋಡಿದ್ದ ಅದೇ ವೃದ್ಧೆ ಅದೇ ಯಂತ್ರದ ಮುಂದೆ ಕುಳಿತಿದ್ದರು. ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ.

ಈ ಯಂತ್ರಗಳ ಚರಿತ್ರೆಯಲ್ಲಿ ನಮ್ಮ ಎರಡೂ ಊರುಗಳಿಗೆ ಪಾಲಿದೆ. ಅವನ್ನು ತಯಾರಿಸುವ ಅರಿಸ್ಟೊಕ್ರಾಟ್ ಕಂಪನಿ ಹುಟ್ಟಿದ್ದು 1953ರಲ್ಲಿ, ಸಿಡ್ನಿಯಲ್ಲಿ. ನ್ಯೂ ಸೌತ್ ವೇಲ್ಸ್ 1956ರಲ್ಲಿ ನೋಂದಾಯಿತ ಕ್ಲಬ್ಬುಗಳಿಗೆ ಇವುಗಳನ್ನು ಇಡಲು ಕಾನೂನಿನ ಒಪ್ಪಿಗೆ ಕೊಟ್ಟಿತು. ವಿಕ್ಟೋರಿಯಾ 1991ರಲ್ಲಿ ಅದೇ ದಾರಿ ಹಿಡಿಯಿತು. ಆಸ್ಟ್ರೇಲಿಯಾ ಸರ್ಕಾರದ ಪ್ರೊಡಕ್ಟಿವಿಟಿ ಕಮಿಷನ್ 2010ರ ವರದಿಯಲ್ಲಿ, ಈ ಯಂತ್ರಗಳಿಗೆ ಬೀಳುವ ಹಣದಲ್ಲಿ ಸುಮಾರು ಶೇಕಡಾ 40ರಷ್ಟು ಜೂಜಿನ ಚಟಕ್ಕೆ ಸಿಕ್ಕಿ ತೊಂದರೆಯಲ್ಲಿರುವವರಿಂದಲೇ ಬರುತ್ತದೆಂದು ಅಂದಾಜು ಮಾಡಿತು.

ಯಂತ್ರದ ಗುಟ್ಟು ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಮತ್ತು ಆತನ ಸಹೋದ್ಯೋಗಿ ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಾರಿವಾಳಗಳ ಮೇಲಿನ ಪ್ರಯೋಗಗಳಿವೆ. ಕೊಕ್ಕಿನಿಂದ ಗುಂಡಿ ಕುಟ್ಟಿದರೆ ಕಾಳು ಸಿಗುತ್ತದೆ. ಇಷ್ಟು ಸಲ ಕುಟ್ಟಿದರೆ ಸಿಗುತ್ತದೆಂಬ ನಿಯಮವಿದ್ದರೆ ಹಕ್ಕಿ ಕಾಳು ತಿಂದು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಯಾವ ಕುಟ್ಟಿಗೆ ಸಿಗುತ್ತದೋ ತಿಳಿಯದಂತೆ ಮಾಡಿದರೆ ಬಿಡದೆ ಕುಟ್ಟುತ್ತಲೇ ಇರುತ್ತದೆ. ಇಂದು ಮೊಬೈಲ್ ಆಟಗಳಲ್ಲಿ ಬರುವ 'ಉಡುಗೊರೆ ಪೆಟ್ಟಿಗೆ'ಗಳು ಇದೇ ಕಾಳು. ಒಳಗೆ ಏನಿದೆಯೋ ಗೊತ್ತಿಲ್ಲ, ತೆರೆಯಲು ದುಡ್ಡು. ಇದನ್ನು ಗಮನಿಸಿಯೇ ಆಸ್ಟ್ರೇಲಿಯಾದಲ್ಲಿ 2024ರ ಸೆಪ್ಟೆಂಬರಿನಿಂದ ಹೊಸ ನಿಯಮ ಬಂದಿದೆ: ಹಣ ಕೊಟ್ಟು ಅದೃಷ್ಟ ಪರೀಕ್ಷಿಸುವ ಇಂಥ ಪೆಟ್ಟಿಗೆಗಳಿರುವ ಹೊಸ ಆಟಗಳಿಗೆ ಕನಿಷ್ಠ 'ಎಂ' ದರ್ಜೆ, ಅಂದರೆ ಹದಿನೈದು ವರ್ಷದೊಳಗಿನವರಿಗೆ ತಕ್ಕದ್ದಲ್ಲವೆಂಬ ಸೂಚನೆ, ಜೂಜನ್ನೇ ಅನುಕರಿಸುವ ಆಟಗಳು ಹದಿನೆಂಟು ದಾಟಿದವರಿಗೆ ಮಾತ್ರ.

ಹಾಗಾದರೆ ಅದೃಷ್ಟ ಬೆರೆತ ಆಟ ಕೆಟ್ಟದ್ದು, ಕೌಶಲದ ಆಟ ಒಳ್ಳೆಯದು ಎಂದು ಗೆರೆ ಎಳೆದುಬಿಡೋಣವೆಂದುಕೊಂಡೆವು. ಅಕ್ಕನ ಹದಿನೈದರ ಮಗಳು ಒಪ್ಪಲಿಲ್ಲ. "ಚಿಕ್ಕಿ, ಕೋಳಿ ಸತ್ತರೆ ಅದು ನನ್ನ ಮಿಸ್ಟೇಕು. ನಿಮ್ಮ ಚೌಕಾಬಾರದಲ್ಲಿ ಕವಡೆ ಹೇಳಿದ ಹಾಗೆ ಕೇಳಬೇಕು. ಯಾವುದು ಜೂಜು ಹೇಳಿ?" ಎಂದಳು. ಮಾತು ಸರಿಯೇ. ಅದೃಷ್ಟವೊಂದೇ ಗೆರೆಯಾಗಲಾರದು.

ಆಗ ನಮಗೆ ನೆನಪಾದದ್ದು ಧರ್ಮರಾಯ. ಮಹಾಭಾರತದ ಜೂಜನ್ನು ನಾವೆಲ್ಲ ಬಲ್ಲೆವು, ಆದರೆ ಆತ ಎರಡು ಸಲ ಆಡಿದನೆಂಬುದನ್ನು ಸಾಮಾನ್ಯವಾಗಿ ಮರೆಯುತ್ತೇವೆ. ಮೊದಲ ಆಟದಲ್ಲಿ ರಾಜ್ಯ, ತಮ್ಮಂದಿರು, ತಾನು, ದ್ರೌಪದಿ ಎಲ್ಲವೂ ಹೋಯಿತು. ಧೃತರಾಷ್ಟ್ರ ಎಲ್ಲವನ್ನೂ ಹಿಂದಕ್ಕೆ ಕೊಟ್ಟ. ಊರಿನ ದಾರಿ ಹಿಡಿದವರನ್ನು ಮತ್ತೆ ಕರೆದರು. ಇನ್ನೊಂದೇ ಒಂದು ಆಟ! ಅನುದ್ಯೂತವೆಂದು ಅದಕ್ಕೆ ಹೆಸರು. ಪಣ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಧರ್ಮರಾಯ ಹೋದ. ತಿಳಿಯದವನಲ್ಲ, ಆಸೆಬುರುಕನೂ ಅಲ್ಲ, ಸುಟ್ಟ ಬೆರಳು ಇನ್ನೂ ಆರಿರಲಿಲ್ಲ. ಆದರೂ ಹೋದ.

ತಪ್ಪು ಯಾರದು? ದಾಳ ಉರುಳಿಸಿದ ಶಕುನಿಯದೆಂದು ಕೆಲವರು, ಕರೆದಲ್ಲಿಗೆ ಹೋದ ಧರ್ಮರಾಯನದೆಂದು ಕೆಲವರು. ಇಂದಿನ ವಾದವೂ ಇದೇ. ಆಟ ಮಾಡುವ ಕಂಪನಿಯ ತಪ್ಪೆಂದು ಕೆಲವರು, ಆಡುವವನ ಮನೋಬಲ ಸಾಲದೆಂದು ಕೆಲವರು. ಮಾಡುವವರಲ್ಲೂ ಭೇದವಿದೆಯೆಂಬುದನ್ನು ನಾವು ಒಪ್ಪಬೇಕು. 2013ರಲ್ಲಿ ಬಂದ 'ಫ್ಲ್ಯಾಪಿ ಬರ್ಡ್' ಎಂಬ ಆಟ ಲೋಕವನ್ನೇ ಹುಚ್ಚುಹಿಡಿಸಿದಾಗ, ಅದನ್ನು ಮಾಡಿದ ವಿಯೆಟ್ನಾಮಿನ ತರುಣ ಡಾಂಗ್ ನ್ಯೂಯೆನ್, ಇದು ಜನರಿಗೆ ಚಟವಾಗುತ್ತಿದೆಯೆಂದು ಹೇಳಿ 2014ರ ಫೆಬ್ರವರಿಯಲ್ಲಿ ತಾನೇ ಅದನ್ನು ಹಿಂದಕ್ಕೆ ತೆಗೆದುಕೊಂಡ. ಬರುತ್ತಿದ್ದ ಹಣವನ್ನು ಬಿಟ್ಟುಕೊಟ್ಟ. ಶಕುನಿಯೇ ದಾಳವನ್ನು ನದಿಗೆ ಎಸೆದಂತೆ ಅದು. ಆದರೆ ಎಲ್ಲರಿಂದಲೂ ಅದನ್ನು ನಿರೀಕ್ಷಿಸಲಾಗದು.

ನಮ್ಮ ನಿದ್ದೆ ಕೆಡಿಸಿದವನು ಮೂರನೆಯವನು: ಧೃತರಾಷ್ಟ್ರ. ಆತ ದಾಳ ಮುಟ್ಟಲಿಲ್ಲ, ಪಣವಿಡಲಿಲ್ಲ. ಸಭೆಯಲ್ಲಿ ಕುಳಿತು 'ಗೆದ್ದರೇ, ಗೆದ್ದರೇ' ಎಂದು ಕೇಳುತ್ತಿದ್ದ, ಅಷ್ಟೆ. ನಾವೂ ಶನಿವಾರ ಸಂಜೆ ಸ್ನೇಹಿತರ ಮನೆಗೆ ಊಟಕ್ಕೆ ಹೋದಾಗ ಮಕ್ಕಳ ಕೈಗೆ ಫೋನು ಕೊಟ್ಟು, ಅವರು ಒಂದು ಕೋಣೆಯಲ್ಲಿ ಸದ್ದಿಲ್ಲದೆ ಕುಳಿತರೆ "ಎಷ್ಟು ಒಳ್ಳೆ ಮಕ್ಕಳು" ಎಂದು ಹೊಗಳಿಕೊಳ್ಳುತ್ತೇವೆ. ನಮಗೆ ಬೇಕಾದಾಗ ಅದು ವರ, ಬೇಡವಾದಾಗ ಅದು ಚಟ. ಮಗುವಿಗೆ ಈ ವ್ಯತ್ಯಾಸ ತಿಳಿಯುವುದು ಹೇಗೆ?

ಇನ್ನೊಂದು ತಪ್ಪೊಪ್ಪಿಗೆಯೂ ಇದೆ. ಆಗಸ್ಟ್ ತಿಂಗಳ ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ಯಾವುದೋ ಆಟಕ್ಕೆ ಸಂದ ಮೂರು ಸಣ್ಣ ಮೊತ್ತಗಳು, ಒಟ್ಟು 47 ಡಾಲರು. ಮಗನನ್ನು ಕರೆದು ವಿಚಾರಣೆ ಮಾಡಿದೆವು. ಅವನು ಅಳುತ್ತಾ ಇಲ್ಲವೆಂದ. ಅಮ್ಮನಿಗೆ ಕಾರ್ಡು ಎಂದರೇನೆಂದೇ ಗೊತ್ತಿಲ್ಲ. ಕೊನೆಗೆ ಅದು ನಮ್ಮಿಬ್ಬರಲ್ಲೊಬ್ಬರು ಟ್ರೇನಿನಲ್ಲಿ, ಒಂದು ಹಂತ ದಾಟಲಾರದೆ, ಒತ್ತಿದ ಗುಂಡಿಗಳ ಫಲವೆಂದು ತಿಳಿಯಿತು. ಮಗನ ಮುಂದೆ ತಲೆತಗ್ಗಿಸಿ ಕ್ಷಮೆ ಕೇಳಬೇಕಾಯಿತು. ಆ ದಿನ ನಮ್ಮ ಮನೆಯಲ್ಲಿ ಉಪದೇಶದ ಧ್ವನಿ ಸ್ವಲ್ಪ ಇಳಿಯಿತು.

ಹಾಗೆ ಇಳಿದದ್ದರಿಂದಲೇ ಇರಬೇಕು, ಅಮ್ಮನನ್ನು ಬೈಯದೆ ಕೇಳುವುದು ಸಾಧ್ಯವಾಯಿತು. "ಅಮ್ಮ, ಅದರಲ್ಲಿ ಅಂಥದ್ದೇನಿದೆ?" ಅಮ್ಮ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಬೆಳಿಗ್ಗೆ ಎಂಟಕ್ಕೆ ನೀವೆಲ್ಲ ಹೋಗ್ತೀರಿ. ಸಂಜೆ ಆರರ ತನಕ ಈ ರಸ್ತೆಲಿ ಒಂದು ನರಪಿಳ್ಳೆ ಕಾಣಲ್ಲ. ನೀವು ಬಂದು ಉಂಡು ಮಲಗ್ತೀರಿ. ಆ ಆಟದಲ್ಲಿ ಒಂದು ಸಾಲು ಸೇರಿಸಿದ್ರೆ ಗಂಟೆ ಬಾರಿಸಿ ಭೇಷ್ ಅನ್ನುತ್ತಪ್ಪ. ದಿನಕ್ಕೆ ಒಬ್ಬರಾದ್ರೂ ಭೇಷ್ ಅನ್ನಬೇಕಲ್ಲ."

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹದಿನೈದು ಜನರ ಮನೆ ನಡೆಸಿದ ಹೆಂಗಸು, ವಿಸಿಟರ್ ವೀಸಾದ ಮೇಲೆ ಬಂದು, ಗಂಟೆ ಬಾರಿಸುವ ಒಂದು ಯಂತ್ರದಿಂದ ಭೇಷ್ ಅನ್ನಿಸಿಕೊಳ್ಳುತ್ತಿದ್ದರು. ಆಟ ಅವರನ್ನು ಹಿಡಿದುಕೊಂಡಿತ್ತು, ನಿಜ. ಆದರೆ ಹಿಡಿದುಕೊಳ್ಳುವುದಕ್ಕೆ ಜಾಗ ಖಾಲಿ ಬಿಟ್ಟವರು ನಾವು.

ಮುಂದಿನ ಭಾನುವಾರ ಮಳೆ. ಮಗನನ್ನು ಕೂರಿಸಿ, ಸೀರಿಯಲ್ ಡಬ್ಬದ ರಟ್ಟಿನ ಹಿಂಬದಿಯಲ್ಲಿ ಅಮ್ಮ ಐದಕ್ಕೆ ಐದರ ಮನೆ ಬರೆದು, ಕಟ್ಟೆಗಳಿಗೆ ಅಡ್ಡಗೆರೆ ಎಳೆದರು. ಕವಡೆಗಳನ್ನು ಏರ್‌ಪೋರ್ಟಿನ ತಪಾಸಣೆಗೆ ಹೆದರಿ ಊರಿನಲ್ಲೇ ಬಿಟ್ಟು ಬಂದಿದ್ದರು. ನಾಲ್ಕು ಪಿಸ್ತಾ ಸಿಪ್ಪೆಗಳೇ ಕವಡೆಯಾದವು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಅಮ್ಮನ ಕಾಯಿ ಮಗನ ಕಾಯಿಯನ್ನು ಹಣ್ಣಾಗುವ ಹೊತ್ತಿಗೆ ಸರಿಯಾಗಿ ಹೊಡೆಯಿತು. ಅವನು ಕೂಗಾಡಿದ, "ಅಜ್ಜಿ, ಮೋಸ!" ಎಂದ, ಮೋಸವಲ್ಲವೆಂದು ಅವನಿಗೂ ಗೊತ್ತಿತ್ತು. ಮೂರು ಆಟ ಸೋತ ಮೇಲೆ ಅದೇ ಮಾತು ಬಂತು: "ಅಜ್ಜಿ, ಇನ್ನೊಂದೇ ಒಂದು ಆಟ!"

ಅಮ್ಮ ಮೊಣಕಾಲು ಹಿಡಿದುಕೊಂಡು ಎದ್ದರು. "ಸೊಂಟ ಹಿಡ್ಕೊಂಡಿದೆ ಪುಟ್ಟ. ನಾಳೆ ಆಡೋಣ" ಎಂದರು. ಅವನು ಗೊಣಗಿದ, ಆದರೆ ಫೋನು ಕಿತ್ತುಕೊಂಡಾಗ ಆಗುವ ರಂಪ ಆಗಲಿಲ್ಲ.

ನಾವು ಹುಡುಕುತ್ತಿದ್ದ ಗೆರೆ ಅಲ್ಲಿ ಸಿಕ್ಕಿತೆಂದು ನಮ್ಮ ನಂಬಿಕೆ. ಚೌಕಾಬಾರವೂ ಕೋಳಿಯ ಆಟದಷ್ಟೇ ಮುಗಿಯದ ಆಟ. ಅದೃಷ್ಟವೂ ಇದೆ, ಹೊಸ್ತಿಲಲ್ಲಿ ಎಡವುವುದೂ ಇದೆ. ಆದರೆ ಎದುರಿಗೆ ಕುಳಿತವರಿಗೆ ಸೊಂಟ ನೋಯುತ್ತದೆ, ಹಸಿವಾಗುತ್ತದೆ, ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ. ಆಟದೊಳಗೆ ಇಲ್ಲದ ಕೊನೆಯನ್ನು ಮನುಷ್ಯರು ಹೊರಗಿನಿಂದ ತರುತ್ತಾರೆ. 'ನಾಳೆ' ಎಂದು ಹೇಳಬಲ್ಲವರು ಅವರು ಮಾತ್ರ. ಯಂತ್ರಕ್ಕೆ ನಾಳೆಯಿಲ್ಲ, ಅದಕ್ಕೆ ಇರುವುದೆಲ್ಲ ಈಗ, ಮತ್ತೆ ಈಗ. ಅದು ಸೋಲುವುದೂ ಇಲ್ಲ, ದಣಿಯುವುದೂ ಇಲ್ಲ, ನಮ್ಮನ್ನು ನೆನೆದು ಬೇಸರಪಡುವುದೂ ಇಲ್ಲ. ಎಷ್ಟು ಸಲ ಮರಳಿ ಬರುತ್ತೇವೆ ಎಂದು ಎಣಿಸುವುದಕ್ಕಿಂತ ಯಾರ ಬಳಿಗೆ ಮರಳಿ ಬರುತ್ತೇವೆ ಎಂದು ಕೇಳಿಕೊಳ್ಳುವುದೇ ಮೇಲು.

ಇದರಿಂದ ನಮ್ಮ ಮನೆ ಉದ್ಧಾರವಾಯಿತೆಂದು ಬರೆದರೆ ಸುಳ್ಳಾದೀತು. ಮಗನಿಗೆ ಕೆಲವು ವಾರಗಳಲ್ಲೇ ಚೌಕಾಬಾರ ಸ್ವಲ್ಪ ಹಳಸಿತು. ಟ್ರೇನಿನಲ್ಲಿ ಕೋಳಿ ಈಗಲೂ ಸಾಯುತ್ತಿದೆ, ಆದರೆ ದುಡ್ಡು ಕೊಡುವುದಿಲ್ಲ. ಅಮ್ಮನ ಕೋಣೆಯ ಬಾಗಿಲ ಕೆಳಗೆ ಕೆಲವು ರಾತ್ರಿ ಈಗಲೂ ಬೆಳಕು ಕಾಣುತ್ತದೆ. ಬದಲಾದದ್ದು ಒಂದೇ: ಸಂಜೆ ಆರರಿಂದ ಏಳರವರೆಗೆ ನಾವು ನಾಲ್ವರೂ ಒಂದು ಕಡೆ ಕೂರುತ್ತೇವೆ. ಕೆಲವು ದಿನ ಆಟ, ಕೆಲವು ದಿನ ಬರಿಯ ಮಾತು. ಅಮ್ಮನ ಸಾರಿಗೆ "ಭೇಷ್" ಎನ್ನಲು ಕಲಿತಿದ್ದೇವೆ. ಇಷ್ಟು ವರ್ಷ ಅನ್ನದೇ ಇದ್ದದ್ದು ನೆನಪಾಗಿ ಸಂಕೋಚವೂ ಆಗುತ್ತದೆ.

ದೀಪಾವಳಿ ಮುಗಿಸಿಕೊಂಡು ಅಮ್ಮ ಊರಿಗೆ ಹೊರಡುತ್ತಾರೆ. ರಟ್ಟಿನ ಮಣೆ ಇಲ್ಲೇ ಇರುತ್ತದೆ. ಎದುರಿಗೆ ಯಾರು ಕೂರುತ್ತಾರೆಂಬ ಪ್ರಶ್ನೆಯನ್ನು ಮಗ ಈಗಾಗಲೇ ಕೇಳಿದ್ದಾನೆ. ನಾವೇ ಕೂರಬೇಕು, ಬೇರೆ ಉತ್ತರ ಕಾಣುವುದಿಲ್ಲ.

ಸದಸ್ಯ ಬಂಧುಗಳಲ್ಲಿ ಒಂದು ಕೋರಿಕೆ. ಈ ಸಲದ ದೀಪಾವಳಿ ಕೂಟದಲ್ಲಿ, ಊಟಕ್ಕೂ ಮನರಂಜನೆಗೂ ನಡುವಿನ ಸಮಯದಲ್ಲಿ, ಹಾಲಿನ ಒಂದು ಮೂಲೆಯಲ್ಲಿ ನಾಲ್ಕು ಮಣೆ ಹಾಸಿ ಕುಳಿತಿರುತ್ತೇವೆ. ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರನ್ನು ಕರೆತನ್ನಿ, ಮಕ್ಕಳನ್ನು ಎದುರಿಗೆ ಕೂರಿಸಿ. ಅಳಗುಳಿ ಮಣೆ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ತನ್ನಿ. ಪಿಸ್ತಾ ನಾವು ತರುತ್ತೇವೆ. ತಿನ್ನುವುದಕ್ಕೂ ಆಯಿತು, ಆಡುವುದಕ್ಕೂ ಆಯಿತು.